ಶನಿವಾರ ಮಧ್ಯಾಹ್ನ ಯಾರದು?

ತಿರುಪ್ಪೂರಿನಲ್ಲಿ ಶನಿವಾರ ಅಂದರೆ ಬಟವಾಡೆಯ ದಿನ. ಬನಿಯನ್ ಕಂಪನಿಗಳಲ್ಲಿ ವಾರದ ಕೂಲಿಯನ್ನು ಅಂದು ಸಂಜೆ ಎಣಿಸಿ ಕೊಡುವುದು ಹಳೆಯ ರೂಢಿ. ಎಂಟು ಗಂಟೆ ದುಡಿದರೆ ಒಂದು ಶಿಫ್ಟು. ಮೇಲೆ ನಾಲ್ಕು ಗಂಟೆ ನಿಂತರೆ ಒಂದೂವರೆ. ಎಷ್ಟು ದಿನ ಕೆಲಸಕ್ಕೆ ಹೋದೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ, ಈ ವಾರ ಇಷ್ಟು ಶಿಫ್ಟು ಆಯಿತು ಅನ್ನುತ್ತಾರೆ. ದುಡ್ಡು ಕೈಗೆ ಬಂದ ರಾತ್ರಿಯೇ ಅಂಗಡಿ ಸಾಲ, ಚೀಟಿ ಹಣ, ಊರಿಗೆ ಕಳಿಸಬೇಕಾದ್ದು, ಮಗುವಿನ ಚಪ್ಪಲಿ. ಮಾರನೆಯ ಭಾನುವಾರ ಒಂದು ದಿನ ಉಸಿರಾಡಲು ಸಿಗುತ್ತದೆ.

ನಾನು ಕೊಯಮತ್ತೂರಿನ ದೇವಾಂಗದವರ ಮನೆಯವನು. ನಮ್ಮಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಜ್ಜ ಕೈಮಗ್ಗದಲ್ಲಿ ಕೂತವರು, ಅಪ್ಪ ಗಿರಣಿಯಲ್ಲಿ ನಿಂತವರು, ನಾನು ಶಾಲೆಯ ಮೈದಾನದಲ್ಲಿ ಸೀಟಿ ಹಿಡಿದವನು. ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದೆ. ಇವತ್ತು ರಗ್ಬಿ ಆಟದ ಬಗ್ಗೆ, ಅದರಲ್ಲೂ ಆ ಆಟದ ಕ್ಲಬ್ಬುಗಳನ್ನು ಒಂದು ಸಂಸ್ಥೆ ಹೇಗೆ ಕಟ್ಟಿಕೊಂಡು ಹೋಗುತ್ತದೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ರಗ್ಬಿ ನಮ್ಮ ಕಡೆ ಇನ್ನೂ ಎಳೆಯ ಆಟ. ಕಬಡ್ಡಿ, ವಾಲಿಬಾಲ್, ಕ್ರಿಕೆಟ್ಟುಗಳ ನಡುವೆ ಅದಕ್ಕೆ ಜಾಗ ಸಿಗುವುದೇ ಕಷ್ಟ. ಆದರೂ ಆ ಆಟದ ಚರಿತ್ರೆಯಲ್ಲಿ ನಮ್ಮಂಥ ಗಿರಣಿ ಊರುಗಳ ಕಥೆಯೇ ಇದೆ. ಅದನ್ನು ಓದಿದಾಗಿನಿಂದ ನನಗೆ ಆ ಆಟ ಬೇರೆಯವರದು ಅನ್ನಿಸಿಲ್ಲ.

ನೋಡದವರಿಗಾಗಿ ಎರಡು ಮಾತು. ಮೊಟ್ಟೆಯಾಕಾರದ ಚೆಂಡು. ಕೈಯಲ್ಲಿ ಹಿಡಿದು ಓಡಬಹುದು, ಒದೆಯಲೂಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಜೊತೆಗಾರನಿಗೆ ಕೊಡುವುದಾದರೆ ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಚೆಂಡು ಹಿಡಿದವನನ್ನು ಎದುರಾಳಿ ಅಪ್ಪಿ ಕೆಡವಬಹುದು. ಎದುರು ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, ಐದು ಅಂಕ. ಪೂರ್ತಿ ಆಟಕ್ಕೆ ತಂಡಕ್ಕೆ ಹದಿನೈದು ಮಂದಿ. ಚಿಕ್ಕ ಆಟಕ್ಕೆ ಏಳು.

ಇಂಗ್ಲೆಂಡಿನಲ್ಲಿ ರಗ್ಬಿ ಫುಟ್‌ಬಾಲ್ ಯೂನಿಯನ್ ಹುಟ್ಟಿದ್ದು 1871ರ ಜನವರಿ 26ರಂದು, ಲಂಡನ್ನಿನ ಒಂದು ರೆಸ್ಟೋರೆಂಟಿನಲ್ಲಿ, 21 ಕ್ಲಬ್ಬುಗಳು ಸೇರಿ. ಬಂದವರಲ್ಲಿ ಬಹಳಷ್ಟು ಜನ ದೊಡ್ಡ ಶಾಲೆಗಳಲ್ಲಿ ಓದಿದವರು, ವಕೀಲರು, ವರ್ತಕರು. ಆಟಕ್ಕೆ ದುಡ್ಡು ಪಡೆಯಬಾರದು ಎಂಬುದು ಅವರಿಗೆ ಸಹಜವಾದ ಮಾತು. ಶನಿವಾರ ಮಧ್ಯಾಹ್ನ ಆಡಿದರೆ ಅವರಿಗೆ ಏನೂ ನಷ್ಟವಿರಲಿಲ್ಲ. ಆದರೆ ಹತ್ತೇ ವರ್ಷದಲ್ಲಿ ಆಟ ಉತ್ತರಕ್ಕೆ, ಲ್ಯಾಂಕಾಶೈರ್, ಯಾರ್ಕ್‌ಶೈರ್‌ಗಳ ಗಿರಣಿ ಊರುಗಳಿಗೆ, ಕಲ್ಲಿದ್ದಲ ಗಣಿಗಳಿಗೆ ಹಬ್ಬಿತು. ಅದಕ್ಕೆ ದಾರಿ ಮಾಡಿದ್ದು ಒಂದು ಕಾನೂನು. 1850ರ ಕಾರ್ಖಾನೆ ಕಾಯಿದೆ ಜವಳಿ ಗಿರಣಿಯ ಹೆಂಗಸರಿಗೂ ಎಳೆಯರಿಗೂ ಶನಿವಾರ ಎರಡು ಗಂಟೆಗೆ ಬಿಡುಗಡೆ ಕೊಟ್ಟಿತು. ಅವರಿಲ್ಲದೆ ಗಿರಣಿ ಓಡುವುದಿಲ್ಲ, ಹಾಗಾಗಿ ಗಂಡಸರಿಗೂ ಬಿಡುವಾಯಿತು. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಪಂದ್ಯಗಳು ಶುರುವಾಗುವ ಅಭ್ಯಾಸದ ಬೇರು ಅಲ್ಲಿದೆ.

ಆದರೆ ದೂರದ ಊರಿಗೆ ಪಂದ್ಯಕ್ಕೆ ಹೋಗಬೇಕಾದರೆ ಎರಡು ಗಂಟೆಗೆ ಸಿಗುವ ಬಿಡುವು ಸಾಲದು. ಬೆಳಿಗ್ಗೆಯೇ ಹೊರಡಬೇಕು, ಅರ್ಧ ದಿನದ ಕೂಲಿ ಹೋಗುತ್ತದೆ. ಹೀಗೆ ಮುರಿದುಹೋದ ಹೊತ್ತಿನ ಕೂಲಿಯನ್ನಷ್ಟೇ ಕ್ಲಬ್ಬು ಕಟ್ಟಿಕೊಡಲು ಬಿಡಿ ಎಂದು ಯಾರ್ಕ್‌ಶೈರಿನ ಕ್ಲಬ್ಬುಗಳು ಕೇಳಿದವು. ಸಂಬಳ ಕೇಳಲಿಲ್ಲ, ಬಹುಮಾನ ಕೇಳಲಿಲ್ಲ, ಕಳೆದುಕೊಂಡದ್ದನ್ನು ಕೇಳಿದರು. 1893ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮಹಾಸಭೆಯಲ್ಲಿ ಮತಕ್ಕೆ ಹಾಕಿದಾಗ ಪರವಾಗಿ ಬಂದದ್ದು 136, ವಿರುದ್ಧ 282. ಎರಡು ವರ್ಷ ಕಳೆದು, 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡ್ ಎಂಬ ಉಣ್ಣೆ ಗಿರಣಿಯ ಊರಿನ ಜಾರ್ಜ್ ಹೋಟೆಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಹೊರನಡೆದವು. ತಮ್ಮದೇ ನಾರ್ದರ್ನ್ ಯೂನಿಯನ್ ಕಟ್ಟಿಕೊಂಡು, ಕೆಲಸ ತಪ್ಪಿದ ದಿನಕ್ಕೆ ಆರು ಶಿಲ್ಲಿಂಗ್ ಎಂದು ಗೊತ್ತು ಮಾಡಿದವು. ಆಮೇಲೆ ಅವರ ಆಟದ ನಿಯಮಗಳೂ ಬದಲಾಗಿ, ತಂಡಕ್ಕೆ ಹದಿಮೂರು ಮಂದಿಯ ಬೇರೆಯೇ ಆಟವಾಯಿತು. ಅದೇ ಇಂದಿನ ರಗ್ಬಿ ಲೀಗ್. ಹಳೆಯ ಯೂನಿಯನ್ನಿನವರು ಆ ಕಡೆ ಆಡಿದವರನ್ನು ಜೀವನಪೂರ್ತಿ ಹೊರಗಿಟ್ಟರು. ನೂರು ವರ್ಷ ಹೀಗೇ ನಡೆದು, 1995ರ ಆಗಸ್ಟಿನಲ್ಲಿ ರಗ್ಬಿ ಯೂನಿಯನ್ನೂ ದುಡ್ಡಿನ ನಿಷೇಧವನ್ನು ತೆಗೆದುಹಾಕಿತು.

ಆರು ಶಿಲ್ಲಿಂಗಿಗೆ ಒಂದು ಆಟ ಎರಡಾಯಿತು. ಈ ಕಥೆಯನ್ನು ಮೊದಲು ಓದಿದಾಗ ನನಗೆ ಅಪ್ಪನ ನೆನಪಾಯಿತು. ನಾನು ಶಾಲೆಯ ತಂಡದಲ್ಲಿ ಆಡುವಾಗ ನೋಡಲು ಬಾ ಅಂತ ಕರೆದಿದ್ದೆ. ಅವರು ಬರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಅವರಿಗೆ ಅದು ಅರ್ಧ ದಿನದ ಕೂಲಿ ಎಂದು ಗೊತ್ತಾಗಲು ನಾನೇ ಸಂಬಳ ಎಣಿಸುವ ವಯಸ್ಸು ಬರಬೇಕಾಯಿತು.

ಸಂಸ್ಥೆ ಅಂದರೆ ಏನು ಎಂದು ನನ್ನ ಹುಡುಗರು ಕೇಳುತ್ತಾರೆ. ಅಧ್ಯಕ್ಷರು, ಕಾರ್ಯದರ್ಶಿ, ಹಾರ, ಶಾಲು ಎಂದು ಅವರ ಕಲ್ಪನೆ. ಇಂಗ್ಲೆಂಡಿನ ಪದ್ಧತಿಯಲ್ಲಿ ಯೂನಿಯನ್ನಿನ ಕೆಳಗೆ ಕೌಂಟಿ ಸಂಸ್ಥೆಗಳಿವೆ, ನಮ್ಮ ಜಿಲ್ಲಾ ಸಂಸ್ಥೆಗಳ ಹಾಗೆ. ಊರಿನ ಕ್ಲಬ್ಬು ಕೌಂಟಿಗೆ ಸೇರುತ್ತದೆ. ಕೌಂಟಿ ತನ್ನ ಪ್ರತಿನಿಧಿಯನ್ನು ಮೇಲಿನ ಸಭೆಗೆ ಕಳಿಸುತ್ತದೆ. ಪಂದ್ಯದ ಪಟ್ಟಿ, ರೆಫರಿಗಳು, ಮಕ್ಕಳ ತಂಡಗಳು, ಶಿಸ್ತಿನ ವಿಚಾರಣೆ, ಗಾಯದ ಲೆಕ್ಕ, ಇದೆಲ್ಲದರ ದಿನದ ಕೆಲಸ ಕೆಳಗೆ ನಡೆಯುತ್ತದೆ. ನಮ್ಮ ದೇಶದಲ್ಲೂ ಏಣಿ ಅದೇ. ಜಗತ್ತಿಗೆ ವರ್ಲ್ಡ್ ರಗ್ಬಿ, ಖಂಡಕ್ಕೆ ಏಷ್ಯಾ ರಗ್ಬಿ, ದೇಶಕ್ಕೆ ರಗ್ಬಿ ಇಂಡಿಯಾ, ಅದರ ಕೆಳಗೆ ರಾಜ್ಯ ಸಂಸ್ಥೆಗಳು, ಅವಕ್ಕೆ ಸೇರಿಕೊಳ್ಳುವ ಜಿಲ್ಲೆಗಳು, ಕ್ಲಬ್ಬುಗಳು. ತಮಿಳುನಾಡಿನಲ್ಲಿ ಕ್ಲಬ್ಬನ್ನು ಸಂಘವಾಗಿ ನೋಂದಾಯಿಸಲು 1975ರ ಸಂಘಗಳ ನೋಂದಣಿ ಕಾಯಿದೆ ಇದೆ. ಏಳು ಜನ ಸಹಿ ಹಾಕಿದರೆ ಸಂಘ. ಏಳು ಜನ ಓಡಿದರೆ ರಗ್ಬಿ ತಂಡ. ಇದನ್ನು ಹೇಳಿದಾಗಲೆಲ್ಲ ಹುಡುಗರ ಮುಖ ಅರಳುತ್ತದೆ.

ಆ ಏಳರ ಆಟ ಹುಟ್ಟಿದ್ದೂ ದುಡ್ಡಿನ ಕಷ್ಟದಲ್ಲಿ. ಸ್ಕಾಟ್ಲೆಂಡಿನ ದಕ್ಷಿಣ ಗಡಿಯ ಮೆಲ್ರೋಸ್ ಎಂಬ ಪುಟ್ಟ ಊರು, 1883. ಕ್ಲಬ್ಬಿನ ಕೈ ಖಾಲಿ. ನೆಡ್ ಹೇಗ್ ಎಂಬ ಮಾಂಸದಂಗಡಿಯ ಕೆಲಸಗಾರ, ಅವನೂ ಆಟಗಾರ, ಒಂದು ಪಂದ್ಯಾವಳಿ ಇಡೋಣ ಅಂದ. ಹದಿನೈದು ಹದಿನೈದು ಜನರ ಪಂದ್ಯಗಳು ಒಂದೇ ಮಧ್ಯಾಹ್ನದಲ್ಲಿ ಮುಗಿಯುವುದಿಲ್ಲ. ಜನರನ್ನು ಏಳಕ್ಕೆ ಇಳಿಸಿ, ಹೊತ್ತನ್ನು ಹದಿನೈದು ನಿಮಿಷಕ್ಕೆ ಇಳಿಸೋಣ. ಏಪ್ರಿಲ್ 28ರಂದು ಆಡಿದರು. ಅದೇ ಆಟ 2016ರಲ್ಲಿ ಒಲಿಂಪಿಕ್ಸ್ ಸೇರಿತು.

ಮೆಲ್ರೋಸಿನಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ಊರಿದೆ. ಅಕ್ಷರ ನೋಡಿದರೆ ಹಾವಿಕ್ ಎಂದು ಓದಬೇಕೆನಿಸುತ್ತದೆ, ಅಲ್ಲಿನವರು ಹಾಯಿಕ್ ಅನ್ನುತ್ತಾರೆ. ನಾನು ಆ ಊರನ್ನು ಸ್ಕಾಟ್ಲೆಂಡಿನ ತಿರುಪ್ಪೂರು ಎಂದು ಕರೆಯುತ್ತೇನೆ. ನೆಯ್ದ ಬಟ್ಟೆಯಲ್ಲ, ಹೆಣೆದ ಬಟ್ಟೆ ಅವರ ಬದುಕು: ಕಾಲುಚೀಲ, ಒಳಉಡುಪು, ಸ್ವೆಟರು. ಜಗತ್ತಿಗೆಲ್ಲ ಹೆಸರಾದ ಪ್ರಿಂಗಲ್ ಕಂಪನಿ ಅಲ್ಲಿ 1815ರಲ್ಲಿ ಶುರುವಾಯಿತು. ಹದಿನಾಲ್ಕು ಸಾವಿರದಷ್ಟು ಜನವಿರುವ ಆ ಊರಿನ ರಗ್ಬಿ ಕ್ಲಬ್ಬು 1873ರದು. 1901ರಲ್ಲಿ ಹಾಯಿಕ್, ಮೆಲ್ರೋಸ್, ಗಾಲಾಶೀಲ್ಸ್ ಮೊದಲಾದ ಗಡಿಯ ಊರುಗಳ ಕ್ಲಬ್ಬುಗಳು ತಾವೇ ಕೂತು ಬಾರ್ಡರ್ ಲೀಗ್ ಮಾಡಿಕೊಂಡವು. ರಗ್ಬಿ ಯೂನಿಯನ್ನಿನಲ್ಲಿ ಜಗತ್ತಿನ ಅತಿ ಹಳೆಯ ಲೀಗ್ ಎಂಬ ಹೆಸರು ಅದಕ್ಕಿದೆ. ಇಂಗ್ಲೆಂಡಿನ ಯೂನಿಯನ್ ಆಗ, ಅಂಕಪಟ್ಟಿ ಬಂದರೆ ಪೈಪೋಟಿ ಬರುತ್ತದೆ, ಪೈಪೋಟಿ ಬಂದರೆ ದುಡ್ಡು ಬರುತ್ತದೆ ಎಂದು ಲೀಗನ್ನೇ ದೂರ ಇಟ್ಟಿತ್ತು. ಅಲ್ಲಿ ದೇಶವ್ಯಾಪಿ ಲೀಗ್ ಬಂದದ್ದು 1987ರಲ್ಲಿ. ಸ್ಕಾಟ್ಲೆಂಡಿನಲ್ಲಿ 1973ರಲ್ಲೇ ಬಂತು, ಮೊದಲ ಐದು ವರ್ಷ ಗೆದ್ದದ್ದು ಇದೇ ಹಾಯಿಕ್.

ಹೆಣಿಗೆಯ ಊರು ಐದು ವರ್ಷ ಗೆಲ್ಲಲು ಕಾರಣಗಳು ಹಲವು ಇರಬಹುದು. ಒಂದನ್ನು ನಾನು ಹೇಳಬಲ್ಲೆ: ಬಾರ್ಡರ್ ಲೀಗಿನ ಊರುಗಳು ಹತ್ತಿರ ಹತ್ತಿರ. ಮೆಲ್ರೋಸಿನಿಂದ ಗಾಲಾಶೀಲ್ಸಿಗೆ ನಡೆದೇ ಹೋಗಬಹುದು. ಆಡಿ ರಾತ್ರಿ ಮನೆಗೆ ಬಂದು ಮಲಗಿ, ಮರುದಿನದ ಪಾಡು ನೋಡಿಕೊಳ್ಳಬಹುದು. ಪಂದ್ಯದ ಪಟ್ಟಿ ಅವರ ಬದುಕಿನ ಅಳತೆಗೆ ಹೊಲಿದ ಅಂಗಿಯ ಹಾಗಿತ್ತು.

ಈಗ ಕೊಯಮತ್ತೂರು, ತಿರುಪ್ಪೂರು ಎಂಬ ನಮ್ಮ ಎರಡು ಜಿಲ್ಲೆಗಳನ್ನು ನೆನೆಯಿರಿ. ಮೆಟ್ಟುಪಾಳ್ಯದ ಹುಡುಗರು ಧಾರಾಪುರಕ್ಕೆ ಆಡಲು ಹೋಗಬೇಕೆಂದರೆ ನೂರು ಕಿಲೋಮೀಟರಿಗೂ ಮೇಲೆ, ಎರಡು ಬಸ್ಸು. ಎಂಟು ಕ್ಲಬ್ಬು ಇದ್ದರೆ ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಲು 28 ಪಂದ್ಯ, ಏಳು ಭಾನುವಾರ. ಊರಲ್ಲೊಮ್ಮೆ ಹೊರಗೊಮ್ಮೆ ಅಂದರೆ 56 ಪಂದ್ಯ, ಹದಿನಾಲ್ಕು ಭಾನುವಾರ. ಕಾಗದದ ಮೇಲೆ ಇದು ಚೆನ್ನ. ಆದರೆ ದೀಪಾವಳಿಗೆ ಮುಂಚೆ ಕಂಪನಿಗಳಲ್ಲಿ ಭಾನುವಾರವೂ ಕೆಲಸ. ದೀಪಾವಳಿಗೂ ಪೊಂಗಲಿಗೂ ತಿರುಪ್ಪೂರು ಖಾಲಿ, ಎಲ್ಲರೂ ಅವರವರ ಊರಿಗೆ. ಏಪ್ರಿಲ್ ಬಂದರೆ ಒಂಬತ್ತು ಗಂಟೆಗೇ ನೆಲ ಸುಡುತ್ತದೆ. ಇದನ್ನೆಲ್ಲ ತೆಗೆದು ಉಳಿದ ಭಾನುವಾರಗಳನ್ನು ಎಣಿಸಿದ ಮೇಲೆ ಪಟ್ಟಿ ಬರೆಯಲು ಕೂರಬೇಕು. ಹತ್ತಿರದ ನಾಲ್ಕು ಕ್ಲಬ್ಬುಗಳದು ಒಂದು ಗುಂಪು, ಪಲ್ಲಡಂ, ಸೋಮನೂರು, ಸೂಲೂರು, ಅವಿನಾಶಿ ಹೀಗೆ. ಉಡುಮಲೆ, ಪೊಳ್ಳಾಚಿ ಕಡೆಯವರದು ಇನ್ನೊಂದು. ಕೊನೆಗೆ ಗೆದ್ದವರು ಒಂದೇ ಸಲ ಪ್ರಯಾಣ ಮಾಡಲಿ.

ಆ ಮಟ್ಟದ ಲೀಗು ನಮ್ಮಲ್ಲಿ ಆಗಬೇಕು ಎಂಬುದು ನನ್ನ ಆಸೆ. ಸದ್ಯಕ್ಕೆ ನಾವು ನಾಲ್ಕೈದು ಮಂದಿ ಹಳಬರು ಸೇರಿ ನಡೆಸುವುದು ಭಾನುವಾರ ಬೆಳಗಿನ ಏಳರ ಆಟ, ಆರು ತಂಡ, ಹದಿನೈದು ಪಂದ್ಯ, ಮೂರು ಭಾನುವಾರ. ಪಂದ್ಯ ಹದಿನಾಲ್ಕು ನಿಮಿಷ, ನಡುವೆ ಎರಡು ನಿಮಿಷ ವಿರಾಮ. ಸುಣ್ಣದ ಗೆರೆ ಎಳೆಯುವುದೂ ನಾವೇ, ನೀರಿನ ಕೊಡ ಹೊರುವುದೂ ನಾವೇ.

ಒಬ್ಬ ಹುಡುಗನ ಬಗ್ಗೆ ಹೇಳಬೇಕು. ಒಡಿಶಾದವನು, ತಿರುಪ್ಪೂರಿನ ಒಂದು ಕಂಪನಿಯಲ್ಲಿ ಓವರ್‌ಲಾಕ್ ಮೆಷಿನ್ ತುಳಿಯುತ್ತಾನೆ. ಮೊದಲ ದಿನ ಬಂದಾಗ ಹುಬ್ಬಿನ ಮೇಲೆ ಹತ್ತಿಯ ಬಿಳಿ ಧೂಳು ಹಾಗೇ ಕೂತಿತ್ತು, ರಾತ್ರಿ ಶಿಫ್ಟು ಮುಗಿಸಿ ನೇರ ಬಂದಿದ್ದ. ಗೇಟಿನ ಹತ್ತಿರ ನಿಂತು ನೋಡುತ್ತಿದ್ದ. ಚೆಂಡು ಉರುಳಿ ಅವನ ಕಾಲ ಬಳಿ ಹೋಯಿತು. ಬಗ್ಗಿ ಎತ್ತಿದವನು ಎಡಗೈ ಚೆಂಡಿನ ಕೆಳಗೆ, ಬಲಗೈ ಬೆನ್ನಿಗೆ ಇಟ್ಟು, ಸೊಂಟದಿಂದ ತಿರುಗಿ, ತಿರುಪಿನ ಹಾಗೆ ಸುತ್ತುವಂತೆ ಹಿಂದಕ್ಕೆ ಕಳಿಸಿದ. ನಮ್ಮ ಹುಡುಗನ ಎದೆಗೆ ಸರಿಯಾಗಿ ಬಂದು ಸೇರಿತು. ಮೈದಾನವೆಲ್ಲ ಒಂದು ಗಳಿಗೆ ಸುಮ್ಮನಾಯಿತು. ಎಲ್ಲಿ ಕಲಿತೆಯಪ್ಪಾ ಎಂದರೆ, ಊರಿನ ಶಾಲೆಯಲ್ಲಿ ಅಂದ. ಒಡಿಶಾದಲ್ಲಿ ರಗ್ಬಿಗೆ ಬೇರು ಇಳಿದಿದೆ. ಭುವನೇಶ್ವರದ ಕಿಸ್ ಎಂಬ ವಸತಿಶಾಲೆಯ ಆದಿವಾಸಿ ಹುಡುಗರು 2007ರಲ್ಲಿ ಲಂಡನ್ನಿಗೆ ಹೋಗಿ ಹದಿನಾಲ್ಕರೊಳಗಿನವರ ಶಾಲಾ ಪಂದ್ಯಾವಳಿ ಗೆದ್ದು ಬಂದರು. ಅಲ್ಲಿಂದೀಚೆಗೆ ಆ ರಾಜ್ಯದ ಹುಡುಗ ಹುಡುಗಿಯರು ದೇಶದ ತಂಡದಲ್ಲಿ ಆಡುತ್ತಲೇ ಇದ್ದಾರೆ.

ಇವನನ್ನು ಒಂದು ದೊಡ್ಡ ಪಂದ್ಯಾವಳಿಗೆ ಕರೆದೊಯ್ದೆವು. ಯಾರ ಪಂದ್ಯಾವಳಿ ಎಂದು ಹೇಳುವುದಿಲ್ಲ. ಅರ್ಜಿಯಲ್ಲಿ ಇದೇ ಜಿಲ್ಲೆಯ ನಿವಾಸಿ ಎಂಬುದಕ್ಕೆ ಪುರಾವೆ ಕೇಳಿದರು. ಅವನ ಆಧಾರ್ ಕಾರ್ಡಿನಲ್ಲಿ ಒಡಿಶಾದ ಹಳ್ಳಿ. ನಾಲ್ಕು ವರ್ಷದಿಂದ ಇಲ್ಲೇ ದುಡಿಯುತ್ತಾನೆ, ಇಲ್ಲೇ ಲೈನ್ ಮನೆಯಲ್ಲಿ ಬಾಡಿಗೆ ಕಟ್ಟುತ್ತಾನೆ, ಕಂಪನಿಯ ಗುರುತಿನ ಚೀಟಿ ಇದೆ ಎಂದರೂ ಆಗಲಿಲ್ಲ. ಮೇಜಿನ ಹಿಂದೆ ಕೂತಿದ್ದವರು ಕೆಟ್ಟವರಲ್ಲ, ನಿಯಮ ಹಾಗಿದೆ ಸಾರ್ ಅಂದರು. ಬೇರೆ ಜಿಲ್ಲೆಯ ಒಳ್ಳೆಯ ಆಟಗಾರರನ್ನು ದುಡ್ಡು ಕೊಟ್ಟು ತಂದು ಆಡಿಸಬಾರದೆಂದು ಮಾಡಿದ ನಿಯಮ ಅದು. ಒಳ್ಳೆಯ ಉದ್ದೇಶ. ಆದರೆ ಅದನ್ನು ಬರೆದವರ ಕಣ್ಣ ಮುಂದೆ ಓವರ್‌ಲಾಕ್ ಮೆಷಿನ್ನಿನ ಮುಂದೆ ಕೂತ ಹುಡುಗ ಇರಲಿಲ್ಲ. ಅವನು ಆ ಇಡೀ ದಿನ ಚೆಂಡು ಎತ್ತಿಕೊಡುವ ಕೆಲಸ ಮಾಡಿದ. ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದ.

ಮೇಲಿನವರು ಕೆಳಗಿನವರನ್ನು ಕೇಳದೆ ಬರೆದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನಲ್ಲೇ ಇತ್ತೀಚಿನ ಉದಾಹರಣೆ ಇದೆ. ತಲೆಗೆ ಪೆಟ್ಟು ಬೀಳುವುದು ಈ ಆಟದ ದೊಡ್ಡ ಚಿಂತೆ. 2023ರ ಜನವರಿಯಲ್ಲಿ ಅಲ್ಲಿನ ಯೂನಿಯನ್, ಹವ್ಯಾಸಿ ಪಂದ್ಯಗಳಲ್ಲಿ ಇನ್ನು ಮೇಲೆ ಸೊಂಟದಿಂದ ಕೆಳಗೆ ಮಾತ್ರ ಹಿಡಿದು ಕೆಡವಬೇಕು ಎಂದು ಘೋಷಿಸಿತು. ಕ್ಲಬ್ಬುಗಳು ಎದ್ದು ನಿಂತವು. ಓಡಿಬರುವವನ ಮೊಣಕಾಲು ಹಿಡಿಯುವವನ ತಲೆಗೇ ಬಡಿಯುವುದಿಲ್ಲವೇ, ಇದನ್ನು ನಮ್ಮನ್ನು ಕೇಳಿದಿರಾ ಎಂದವು. ಕೆಲವೇ ದಿನಗಳಲ್ಲಿ ಯೂನಿಯನ್ ಕ್ಷಮೆ ಕೇಳಿತು. ಮತ್ತೆ ಕ್ಲಬ್ಬುಗಳೊಂದಿಗೆ ಕೂತು ಎದೆಮೂಳೆಯ ತಳದಿಂದ ಕೆಳಗೆ ಎಂದು ತಿದ್ದಿ, ಆ ವರ್ಷದ ಜುಲೈನಿಂದ ಜಾರಿಗೆ ತಂದಿತು. ಉದ್ದೇಶ ಎರಡು ಸಲವೂ ಒಂದೇ. ಮೊದಲ ಸಲ ಮೈದಾನದವರ ಮಾತು ಒಳಗೆ ಬಂದಿರಲಿಲ್ಲ.

ಗಾಯದ ಮಾತು ಬಂತು. ತಲೆಗೆ ಪೆಟ್ಟಾದ ಸಂಶಯವಿದ್ದರೆ ಆಟಗಾರನನ್ನು ಕೂಡಲೇ ಹೊರಗೆ ಕರೆದು, ಆ ದಿನ ಮತ್ತೆ ಇಳಿಸಬಾರದು. ಹವ್ಯಾಸಿಗಳಿಗೆ ವರ್ಲ್ಡ್ ರಗ್ಬಿಯ ಸೂಚನೆ ಕನಿಷ್ಠ 21 ದಿನ ಪಂದ್ಯದಿಂದ ದೂರ. ಎರಡೂ ಕಡೆಯವರು ಬಾಗಿ ಭುಜ ಕೊಟ್ಟು ತಳ್ಳುವ ಸ್ಕ್ರಮ್ಮಿನಲ್ಲಿ ಮುಂದಿನ ಸಾಲಿಗೆ ತರಬೇತಿ ಇಲ್ಲದವನನ್ನು ನಿಲ್ಲಿಸುವಂತಿಲ್ಲ, ಕುತ್ತಿಗೆಯ ಪ್ರಶ್ನೆ. ಇವು ಕಡ್ಡಾಯ, ಇಲ್ಲಿ ರಾಜಿ ಕೂಡದು. ಆದರೆ ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವಿದೆ. ಬೆರಳು ಮುರಿದರೆ ಹೊಲಿಗೆಯಿಲ್ಲ, ಹೊಲಿಗೆಯಿಲ್ಲದಿದ್ದರೆ ಶಿಫ್ಟಿಲ್ಲ. ಆಟದಲ್ಲಿ ಆದ ಗಾಯವನ್ನು ಕೆಲಸದಲ್ಲಿ ಆದ ಗಾಯವೆಂದು ಯಾರೂ ಬರೆದುಕೊಡುವುದಿಲ್ಲ. ಹಾಗಾಗಿ ಜಿಲ್ಲಾ ಸಂಸ್ಥೆ ಕ್ಲಬ್ಬಿನಿಂದ ಸದಸ್ಯತ್ವದ ಹಣ ಪಡೆದರೆ ಮೊದಲ ಖರ್ಚು ಎಲ್ಲ ಆಟಗಾರರ ಹೆಸರಿನಲ್ಲಿ ಅಪಘಾತ ವಿಮೆ ಆಗಬೇಕು. ಕಪ್, ಬ್ಯಾನರು, ವೇದಿಕೆ ಆಮೇಲೆ. 1893ರಲ್ಲಿ ಯಾರ್ಕ್‌ಶೈರಿನವರು ಕೇಳಿದ್ದೂ ಇಂಥದ್ದೇ ಅಲ್ಲವೇ.

ಹೆಣ್ಣುಮಕ್ಕಳ ಮಾತು ಬಿಡುವಂತಿಲ್ಲ. ತಿರುಪ್ಪೂರಿನ ಹೊಲಿಗೆ ಮೆಷಿನ್ನುಗಳ ಮುಂದೆ ಕೂತವರಲ್ಲಿ ಹೆಂಗಸರೇ ಬಹಳ. ಭಾರತದ ಹೆಣ್ಣುಮಕ್ಕಳ ಹದಿನೈದರ ತಂಡ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 2018ರಲ್ಲಿ, ಮರುವರ್ಷವೇ ಮನಿಲಾದಲ್ಲಿ ಸಿಂಗಪುರದ ಮೇಲೆ ಗೆದ್ದಿತು. ನಮ್ಮ ಭಾನುವಾರದ ಆಟಕ್ಕೆ ಕಂಪನಿ ಹಾಸ್ಟೆಲಿನ ನಾಲ್ವರು ಹುಡುಗಿಯರು ಬರುತ್ತಿದ್ದರು. ಹಾಸ್ಟೆಲಿನ ಗೇಟು ತೆರೆಯುವುದು ಎಂಟಕ್ಕೆ, ನಮ್ಮ ಆಟ ಶುರುವಾಗುವುದು ಏಳಕ್ಕೆ. ಮೂರು ವಾರ ಓಡೋಡಿ ಬಂದು ಅರ್ಧ ಆಟ ನೋಡಿ ಹೋದರು, ಆಮೇಲೆ ಬರಲಿಲ್ಲ. ಅದು ನಾವು ಮಾಡಿದ ತಪ್ಪು. ಅವರ ಗೇಟಿನ ಹೊತ್ತನ್ನು ಕೇಳಿಕೊಂಡು ಪಟ್ಟಿ ಬರೆಯಬೇಕಿತ್ತು.

ಬಾನುಲಿಯಲ್ಲಿ ಕೂತು ರಗ್ಬಿ ಮಾತಾಡುವಾಗ ಬಿಲ್ ಮೆಕ್‌ಲಾರೆನ್ ಅವರನ್ನು ನೆನೆಯದಿರಲು ಆಗುವುದಿಲ್ಲ. ಅವರು ಇದೇ ಹಾಯಿಕ್ ಊರಿನವರು, 1923ರಲ್ಲಿ ಹುಟ್ಟಿದವರು. ಸ್ಕಾಟ್ಲೆಂಡ್ ತಂಡದ ಹೊಸ್ತಿಲಲ್ಲಿದ್ದಾಗ ಕ್ಷಯ ಬಂತು. ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅಲ್ಲಿನ ಟೇಬಲ್ ಟೆನ್ನಿಸ್ ಪಂದ್ಯಗಳನ್ನು ಆಸ್ಪತ್ರೆಯ ಬಾನುಲಿಯಲ್ಲಿ ಬಣ್ಣಿಸಲು ಶುರು ಮಾಡಿದರು. ಬಿ.ಬಿ.ಸಿ.ಯಲ್ಲಿ 1953ರಿಂದ 2002ರವರೆಗೆ ರಗ್ಬಿಯ ದನಿ ಅವರದು. ಅಷ್ಟು ಹೆಸರಾದ ಮೇಲೂ ಬಹಳ ಕಾಲ ತಮ್ಮ ಊರಿನ ಮಕ್ಕಳಿಗೆ ವ್ಯಾಯಾಮ ಶಿಕ್ಷಕರಾಗಿಯೇ ಇದ್ದರು. ಪ್ರತಿ ಪಂದ್ಯಕ್ಕೂ ಒಂದು ದೊಡ್ಡ ಹಾಳೆಯಲ್ಲಿ ಒಬ್ಬೊಬ್ಬ ಆಟಗಾರನ ಬಗ್ಗೆಯೂ ಬಣ್ಣಬಣ್ಣದ ಶಾಯಿಯಲ್ಲಿ ಬರೆದುಕೊಂಡು ಹೋಗುತ್ತಿದ್ದರಂತೆ.

ನನ್ನ ಹತ್ತಿರವೂ ಒಂದು ಉದ್ದ ಪುಸ್ತಕವಿದೆ, ನೀಲಿ ರಟ್ಟಿನದು. ಒಂದೊಂದು ಹೆಸರಿನ ಮುಂದೆ ಊರು, ವಯಸ್ಸು, ರಕ್ತದ ಗುಂಪು ಬರೆಯುತ್ತಿದ್ದೆ. ಈಗ ಇನ್ನೊಂದು ಗೆರೆ ಎಳೆದು ಶಿಫ್ಟು ಎಂದು ಬರೆದಿದ್ದೇನೆ. ಹಗಲು, ರಾತ್ರಿ, ಒಂದೂವರೆ. ಹುಡುಗಿಯರಿದ್ದರೆ ಹಾಸ್ಟೆಲ್ ಗೇಟಿನ ಹೊತ್ತು. ಒಡಿಶಾದ ಹುಡುಗನ ಹೆಸರಿನ ಮುಂದೆ ಊರಿನ ಜಾಗದಲ್ಲಿ ಅವನ ಲೈನ್ ಮನೆಯ ಬೀದಿಯ ಹೆಸರಿದೆ. ಈ ವಾರ ಅವನಿಗೆ ರಾತ್ರಿ ಶಿಫ್ಟು, ಬೆಳಿಗ್ಗೆ ಆರಕ್ಕೆ ಬಿಡುತ್ತಾರೆ. ಹುಡುಗಿಯರ ಗೇಟು ಎಂಟಕ್ಕೆ. ಮೊದಲ ಪಂದ್ಯವನ್ನು ಏಳರಿಂದ ಸರಿಸಿ ಎಂಟೂವರೆಗೆ ಹಾಕಿದ್ದೇನೆ. ನಾಲ್ವರಿಗೂ ಹೇಳಿ ಕಳಿಸಿದ್ದೇನೆ. ನೆರಳಿಗೆ ಒಂದು ಶಾಮಿಯಾನ ಬೇಕಾಗುತ್ತದೆ, ಬಾಡಿಗೆಗೆ ಕೇಳಬೇಕು.